ಹೆಸರು ಹೇಳುವ ಸಂಖ್ಯೆ, ಪಾಲು ಹೇಳುವ ಸಂಖ್ಯೆ: ರೆಂಡರ್ ಪಾಸ್‌ಗಳಿಂದ ಮಾಸ್ಕ್ ಪಡೆಯುವ ಪಾಠ

ಕೇರಳದ ಪ್ರೌಢಶಾಲೆಗಳ ಲಿಟಲ್ ಕೈಟ್ಸ್ ಘಟಕಗಳಲ್ಲಿ ಅನಿಮೇಷನ್ ಒಂದು ಕಲಿಕಾ ಕ್ಷೇತ್ರವಾಗಿರುವುದರಿಂದ, ಬ್ಲೆಂಡರ್ ಎಂಬ ಸ್ವತಂತ್ರ ತಂತ್ರಾಂಶದ ಹೆಸರು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಹೊಸದಲ್ಲ. ಘನಾಕೃತಿಗಳನ್ನು ರಚಿಸುವುದು, ಬೆಳಕನ್ನು ಹೊಂದಿಸುವುದು, ಕ್ಯಾಮೆರಾವನ್ನು ನಿಲ್ಲಿಸಿ ರೆಂಡರ್ ಮಾಡುವುದು, ಇಷ್ಟನ್ನು ಆಸಕ್ತಿಯುಳ್ಳ ವಿದ್ಯಾರ್ಥಿಗಳು ಬಹುಮಟ್ಟಿಗೆ ತಾವಾಗಿಯೇ ಕಲಿತುಕೊಳ್ಳುತ್ತಾರೆ. ಅವರು ತಡವರಿಸುವುದು ಅದರ ಮುಂದಿನ ಹಂತದಲ್ಲಿ, ಎಂದರೆ ಸಿದ್ಧವಾದ ಚಿತ್ರದ ಒಂದು ಭಾಗವನ್ನು ಮಾತ್ರ ಬದಲಾಯಿಸಬೇಕಾಗಿ ಬಂದಾಗ. ಈ ಪಾಠವು ಆ ಹಂತಕ್ಕೆ ಸಂಬಂಧಿಸಿದ್ದು. ಎರಡು ಅವಧಿಗಳಲ್ಲಿ ಇದನ್ನು ಮುಗಿಸಬಹುದು. ಮೊದಲನೆಯ ಅವಧಿಗೆ ಗಣಕಯಂತ್ರದ ಅಗತ್ಯವೇ ಇಲ್ಲ. ಗಣಿತದ ನಕ್ಷೆ ಹಾಳೆಯೊಂದಿದ್ದರೆ ಸಾಕು.

ಪಾಠವನ್ನು ಒಂದು ತೊಂದರೆಯಿಂದ ಆರಂಭಿಸುವುದು ಒಳ್ಳೆಯದು. ವಿದ್ಯಾರ್ಥಿಯೊಬ್ಬಳು ಹಳ್ಳಿಮನೆಯ ಅಂಗಳವೊಂದನ್ನು ರಚಿಸಿದ್ದಾಳೆಂದು ಭಾವಿಸೋಣ. ಹಿಂದೆ ಸುಣ್ಣದ ಗೋಡೆ, ಮುಂದೆ ಹಿತ್ತಾಳೆಯ ಕೊಡ, ಪಕ್ಕದಲ್ಲಿ ಒಂದು ಹಣತೆ. ಕ್ಯಾಮೆರಾ ನಿಧಾನವಾಗಿ ಸುತ್ತಿ ಬರುತ್ತದೆ. ದೃಶ್ಯದ ಉದ್ದ 10 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಒಟ್ಟು 240 ಫ್ರೇಮ್‌ಗಳು. ಶಾಲೆಯ ಗಣಕಯಂತ್ರವು ಒಂದು ಫ್ರೇಮ್ ರೆಂಡರ್ ಮಾಡಲು 3 ನಿಮಿಷ ತೆಗೆದುಕೊಂಡರೆ ಪೂರ್ಣ ದೃಶ್ಯಕ್ಕೆ 720 ನಿಮಿಷ, ಅಂದರೆ 12 ಗಂಟೆ. ರಾತ್ರಿಯಿಡೀ ಯಂತ್ರ ದುಡಿದ ಮೇಲೆ ಬೆಳಿಗ್ಗೆ ನೋಡಿದರೆ ಕೊಡ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿದೆ. ಮಿಕ್ಕದ್ದೆಲ್ಲ ಸರಿಯಾಗಿದೆ. ವಿಜ್ಞಾನ ಮೇಳ ಮಧ್ಯಾಹ್ನಕ್ಕೆ. ಈಗ ಏನು ಮಾಡಬೇಕು?

ಮಕ್ಕಳು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಮತ್ತೊಮ್ಮೆ ರೆಂಡರ್ ಮಾಡುವುದು ಮೊದಲನೆಯದು, ಅದಕ್ಕೆ ಸಮಯವಿಲ್ಲ. ಪ್ರತಿಯೊಂದು ಫ್ರೇಮಿನಲ್ಲಿಯೂ ಕೊಡದ ಸುತ್ತ ಗೆರೆ ಎಳೆದು, ಅದರೊಳಗಿನ ಭಾಗವನ್ನು ಮಾತ್ರ ಮಂಕಾಗಿಸುವುದು ಎರಡನೆಯದು. ಫ್ರೇಮಿಗೆ ಎರಡು ನಿಮಿಷವೆಂದರೂ ಅದಕ್ಕೆ ಎಂಟು ಗಂಟೆ ಬೇಕು, ಗೆರೆಯೂ ಫ್ರೇಮಿನಿಂದ ಫ್ರೇಮಿಗೆ ನಡುಗುತ್ತದೆ. ಆದರೂ ಈ ಎರಡನೆಯ ಉತ್ತರವನ್ನು ಶಿಕ್ಷಕರು ತಳ್ಳಿಹಾಕಬಾರದು. ಅದರಲ್ಲಿ ಮಾಸ್ಕ್ ಎಂಬ ಕಲ್ಪನೆ ಆಗಲೇ ಅಡಗಿದೆ. ಲಾರಿಯ ಹಿಂಬದಿಗೆ ಅಕ್ಷರ ಬರೆಯುವವನು ಕೊರೆದ ತಗಡನ್ನು ಹಿಡಿದು ಬಣ್ಣ ಎರಚುವಾಗ ತಗಡು ಮರೆಮಾಡಿದ ಕಡೆ ಬಣ್ಣ ತಾಗುವುದಿಲ್ಲ, ಕೊರೆದ ಕಡೆ ತಾಗುತ್ತದೆ. ಗಣಕಯಂತ್ರದ ಮಾಸ್ಕ್ ಕೂಡ ಅಂಥದೇ ಒಂದು ಮರೆ. ಅದು ಚಿತ್ರದಷ್ಟೇ ಅಗಲ ಎತ್ತರಗಳುಳ್ಳ ಇನ್ನೊಂದು ಚಿತ್ರ. ಬಿಳಿ ಇರುವಲ್ಲಿ ಅದರ ಬೆಲೆ 1, ಕಪ್ಪು ಇರುವಲ್ಲಿ 0. ತಿದ್ದುಪಡಿ ಬಿಳಿಯಲ್ಲಿ ಪೂರ್ತಿ ತಾಗುತ್ತದೆ, ಕಪ್ಪಿನಲ್ಲಿ ತಾಗುವುದಿಲ್ಲ, ಬೂದು ಬಣ್ಣದಲ್ಲಿ ಅಷ್ಟರಮಟ್ಟಿಗೆ ಮಾತ್ರ ತಾಗುತ್ತದೆ.

ಇಲ್ಲಿ ಶಿಕ್ಷಕರು ಕೇಳಬೇಕಾದ ಪ್ರಶ್ನೆ ಒಂದೇ: ಕೊಡ ಎಲ್ಲಿದೆ ಎಂಬುದು ಯಂತ್ರಕ್ಕೆ ತಿಳಿಯದೆ? ತಿಳಿದಿರಲೇಬೇಕು, ಇಲ್ಲದಿದ್ದರೆ ಅದು ಕೊಡವನ್ನು ಚಿತ್ರಿಸುತ್ತಲೇ ಇರಲಿಲ್ಲ. ಪ್ರತಿಯೊಂದು ಬಿಂದುವಿನಲ್ಲಿಯೂ ಕಾಣುವ ವಸ್ತು ಯಾವುದು, ಅದು ಎಷ್ಟು ದೂರದಲ್ಲಿದೆ, ಅದರ ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನೆಲ್ಲ ಲೆಕ್ಕಹಾಕಿದ ಬಳಿಕವೇ ಯಂತ್ರವು ಬಣ್ಣವನ್ನು ನಿರ್ಧರಿಸುತ್ತದೆ. ನಾವು ಕೇಳದಿದ್ದರೆ ಬಣ್ಣವನ್ನಷ್ಟೇ ಉಳಿಸಿಕೊಂಡು ಉಳಿದ ಲೆಕ್ಕವನ್ನು ಬಿಸಾಡುತ್ತದೆ. ಕೇಳಿದರೆ ಒಂದೊಂದನ್ನೂ ಬೇರೆ ಚಿತ್ರವಾಗಿ ಕೊಡುತ್ತದೆ. ಹೀಗೆ ಬಣ್ಣದ ಜೊತೆಗೆ ದೊರೆಯುವ ಚಿತ್ರಗಳೇ ರೆಂಡರ್ ಪಾಸ್‌ಗಳು.

‘ಪಾಸ್’ ಎಂದೊಡನೆ ನಮ್ಮ ಮಕ್ಕಳು ಪರೀಕ್ಷೆಯನ್ನೋ ಬಸ್ಸಿನ ಪಾಸನ್ನೋ ನೆನೆಯುತ್ತಾರೆ. ಆದ್ದರಿಂದ ಆ ಪದದ ಹುಟ್ಟನ್ನು ಹೇಳುವುದು ಲೇಸು. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಲನಚಿತ್ರಕ್ಕಾಗಿ ಜಾನ್ ಡೈಕ್‌ಸ್ಟ್ರಾ ಅವರ ತಂಡ ಗಣಕ ನಿಯಂತ್ರಿತ ಕ್ಯಾಮೆರಾವೊಂದನ್ನು ರೂಪಿಸಿತು. ಒಮ್ಮೆ ಚಲಿಸಿದ ದಾರಿಯಲ್ಲಿಯೇ ಮತ್ತೆ ಮತ್ತೆ ಕೂದಲೆಳೆಯಷ್ಟೂ ತಪ್ಪದಂತೆ ಚಲಿಸಬಲ್ಲ ಕ್ಯಾಮೆರಾ ಅದು. ಅಂಥ ಕ್ಯಾಮೆರಾದಿಂದ ಆಕಾಶನೌಕೆಯ ಸಣ್ಣ ಮಾದರಿಯನ್ನು ಒಂದು ಸಲ ಪೂರ್ಣ ಬೆಳಕಿನಲ್ಲಿ, ಇನ್ನೊಂದು ಸಲ ಅದರ ಯಂತ್ರದ ದೀಪಗಳನ್ನಷ್ಟೇ ಉರಿಸಿ, ಮತ್ತೊಂದು ಸಲ ಅದರ ಆಕಾರವಷ್ಟೇ ತೋರುವಂತೆ ಚಿತ್ರೀಕರಿಸಬಹುದು. ಕ್ಯಾಮೆರಾ ಆ ದಾರಿಯನ್ನು ಹಾದುಹೋಗುವ ಒಂದೊಂದು ಸಲವೂ ಒಂದೊಂದು ಪಾಸ್. ಆಕಾರ ಮಾತ್ರ ತೋರುವ ಪಾಸೇ ಮಾಸ್ಕ್ ಆಗುತ್ತಿತ್ತು. ಇಂದು ಕ್ಯಾಮೆರಾ ಹಲವು ಸಲ ಹಾದುಹೋಗಬೇಕಾಗಿಲ್ಲ, ಒಂದೇ ರೆಂಡರಿನಲ್ಲಿ ಎಲ್ಲವೂ ದೊರೆಯುತ್ತದೆ. ಹೆಸರು ಮಾತ್ರ ಉಳಿದುಕೊಂಡಿತು. ‘ಪಾಸ್’, ‘ಮಾಸ್ಕ್’ ಎಂಬ ಪದಗಳನ್ನು ಹಾಗೆಯೇ ಇರಿಸಿಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಮಗು ಪರದೆಯ ಮೇಲೆ ಓದುವುದು ಆ ಪದಗಳನ್ನೇ. ಕನ್ನಡದಲ್ಲಿ ಆಗಬೇಕಾದುದು ಪದಗಳ ಬದಲಾವಣೆಯಲ್ಲ, ವಿವರಣೆ.

ಮೊದಲನೆಯ ಅವಧಿ: ನಕ್ಷೆ ಹಾಳೆಯ ಮೇಲೆ ಕೊಡದ ಅಂಚು

ನಕ್ಷೆ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಬದಿಯ ಪ್ರತಿ ಚೌಕದೊಳಗೂ ನೂರು ಸಣ್ಣ ಚೌಕಗಳಿವೆ. ದೊಡ್ಡ ಚೌಕವನ್ನು ಚಿತ್ರದ ಒಂದು ಬಿಂದು, ಅಂದರೆ ಪಿಕ್ಸೆಲ್, ಎಂದು ಮಕ್ಕಳಿಗೆ ತಿಳಿಸಬೇಕು. ಗೆರೆಗಳು ಕೂಡುವ ಒಂದು ಮೂಲೆಯನ್ನು ಕೇಂದ್ರವಾಗಿಟ್ಟು 4 ಸೆಂಟಿಮೀಟರ್ ತ್ರಿಜ್ಯದ ಕಾಲು ವೃತ್ತವೊಂದನ್ನು ಎಳೆಯಿಸಬೇಕು. ಇದು ಕೊಡದ ಒಂದು ಪಕ್ಕ; ಹೊರಗಿನದು ಗೋಡೆ. ಕಾಲು ವೃತ್ತವನ್ನು ಒಳಗೊಂಡ ಹದಿನಾರು ದೊಡ್ಡ ಚೌಕಗಳಲ್ಲಿ ಕೆಲವು ಪೂರ್ತಿ ಕೊಡಕ್ಕೆ ಸೇರಿವೆ. ಕಮಾನು ಹಾದುಹೋಗುವ ಚೌಕಗಳು ಮಾತ್ರ ಎರಡಕ್ಕೂ ಸೇರಿವೆ. ಕಥೆಯೆಲ್ಲ ಇರುವುದು ಆ ಅಂಚಿನ ಚೌಕಗಳಲ್ಲಿ.

ತರಗತಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಬೇಕು. ಮೊದಲನೆಯ ಗುಂಪು ಪ್ರತಿ ದೊಡ್ಡ ಚೌಕಕ್ಕೂ ಒಂದೇ ಪ್ರಶ್ನೆ ಕೇಳಲಿ: ಇಲ್ಲಿ ಹೆಚ್ಚಿನ ಜಾಗ ಯಾರದು? ಕೊಡದ್ದಾದರೆ 1, ಗೋಡೆಯದ್ದಾದರೆ 0. ಎರಡನೆಯ ಗುಂಪು ಸಣ್ಣ ಚೌಕಗಳನ್ನು ಎಣಿಸಿ, ಕೊಡದ ಪಾಲು ನೂರಕ್ಕೆ ಎಷ್ಟು ಎಂದು ಬರೆಯಲಿ. ಕೇಂದ್ರದಿಂದ ಅತಿ ದೂರವಿರುವ ಸಾಲಿನ ನಾಲ್ಕು ಚೌಕಗಳಲ್ಲಿ ಅವರಿಗೆ ಸುಮಾರು 0.96, 0.70, 0.16 ಮತ್ತು 0 ದೊರೆಯುತ್ತದೆ. ಮೊದಲ ಗುಂಪಿನವರು ಅವೇ ಚೌಕಗಳಿಗೆ 1, 1, 0, 0 ಎಂದು ಬರೆದಿರುತ್ತಾರೆ. ಈಗ ಎಲ್ಲ ಹದಿನಾರನ್ನೂ ಕೂಡಿಸಲು ಹೇಳಬೇಕು. ಮೊದಲ ಗುಂಪಿನ ಮೊತ್ತ 13. ಎರಡನೆಯದರದು ಎಚ್ಚರದಿಂದ ಎಣಿಸಿದ್ದರೆ 12.57ರ ಆಸುಪಾಸು. ವೃತ್ತದ ವಿಸ್ತೀರ್ಣದ ಸೂತ್ರದಿಂದ ಕಾಲು ವೃತ್ತದ ವಿಸ್ತೀರ್ಣವನ್ನು ತೆಗೆದರೆ ಅದೂ 12.57. ಗಣಿತದ ಅಧ್ಯಾಪಕರೂ ನೀವೇ ಆಗಿದ್ದರೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು.

ಮುಂದೆ ಬಣ್ಣ ತುಂಬುವ ಕೆಲಸ. ಕೊಡದ ಹೊಳಪು 200, ಗೋಡೆಯದು 80 ಎಂದಿಟ್ಟುಕೊಳ್ಳೋಣ. ಎರಡನ್ನೂ ಮಾಸ್ಕಿನ ಮೂಲಕ ಸೇರಿಸುವ ನಿಯಮ ಇಷ್ಟೇ: ಮೇಲಿನದನ್ನು ಮಾಸ್ಕಿನ ಬೆಲೆಯಿಂದ ಗುಣಿಸು, ಕೆಳಗಿನದನ್ನು ಒಂದರಿಂದ ಆ ಬೆಲೆಯನ್ನು ಕಳೆದು ಉಳಿದುದರಿಂದ ಗುಣಿಸು, ಎರಡನ್ನೂ ಕೂಡು. ಪಾಲು 0.70 ಇರುವ ಚೌಕದಲ್ಲಿ 140 ಮತ್ತು 24 ಸೇರಿ 164 ಬರುತ್ತದೆ. ಪಾಲು 0.16 ಇರುವಲ್ಲಿ 32 ಮತ್ತು 67.2 ಸೇರಿ 99.2. ಮೊದಲ ಗುಂಪಿನ ಹಾಳೆಯಲ್ಲಿ ಅವೇ ಚೌಕಗಳು ಥಟ್ಟನೆ 200, ಥಟ್ಟನೆ 80. ಈ ಬೆಲೆಗಳಿಗೆ ತಕ್ಕಂತೆ ಪೆನ್ಸಿಲಿನಿಂದ ಛಾಯೆ ತುಂಬಿದ ಎರಡೂ ಹಾಳೆಗಳನ್ನು ತರಗತಿಯ ಇನ್ನೊಂದು ತುದಿಯಲ್ಲಿ ಎತ್ತಿ ಹಿಡಿಸಬೇಕು. ಒಂದರ ಅಂಚು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ, ಇನ್ನೊಂದರದು ದುಂಡಗೆ. ವಿವರಣೆಯ ಒಂದು ಮಾತೂ ಇಲ್ಲದೆ ಮಕ್ಕಳಿಗೆ ತಿಳಿಯುವ ಗಳಿಗೆ ಅದು.

ಪಾಲನ್ನು ಹೀಗೆ ಸಂಖ್ಯೆಯಾಗಿ ಚಿತ್ರದೊಡನೆ ಇರಿಸುವ ವಿಧಾನವನ್ನು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ರೂಪಿಸಿದರು. ಅದಕ್ಕೆ ಆಲ್ಫಾ ಎಂಬ ಹೆಸರಾಯಿತು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಲೆಕ್ಕವನ್ನು ಕ್ರಮಬದ್ಧವಾದ ಬೀಜಗಣಿತವಾಗಿ ಬರೆದರು.

ಎರಡನೆಯ ಅವಧಿ: ಗಣಕಯಂತ್ರದ ಮುಂದೆ

ಬ್ಲೆಂಡರಿನಲ್ಲಿ ಪ್ರತಿ ವಸ್ತುವಿಗೂ ಒಂದು ಪಾಸ್ ಇಂಡೆಕ್ಸ್ ಸಂಖ್ಯೆ ಕೊಡಬಹುದು. ನಾವು ಕೊಡದಿದ್ದರೆ ಎಲ್ಲಕ್ಕೂ ಸೊನ್ನೆಯೇ. ಕೊಡಕ್ಕೆ 3, ಹಣತೆಗೆ 5, ಗೋಡೆಗೆ 7 ಎಂದು ಕೊಡಿಸಿ. ಸೈಕಲ್ಸ್ ರೆಂಡರರನ್ನು ಆರಿಸಿ, ವ್ಯೂ ಲೇಯರ್ ಪಟ್ಟಿಯಲ್ಲಿ ಆಬ್ಜೆಕ್ಟ್ ಇಂಡೆಕ್ಸ್ ಎಂಬ ಪಾಸನ್ನು ಸಕ್ರಿಯಗೊಳಿಸಿ ರೆಂಡರ್ ಮಾಡಿದರೆ, ಬಣ್ಣದ ಚಿತ್ರದ ಜೊತೆಗೆ ಪ್ರತಿ ಬಿಂದುವಿನಲ್ಲಿ ಈ ಸಂಖ್ಯೆಗಳನ್ನೇ ಹೊತ್ತ ಚಿತ್ರವೊಂದು ದೊರೆಯುತ್ತದೆ. ಕಾಂಪೋಸಿಟರಿನ ಐಡಿ ಮಾಸ್ಕ್ ಎಂಬ ನೋಡಿಗೆ ಅದನ್ನು ಜೋಡಿಸಿ 3 ಎಂದು ಬರೆದರೆ ಕೊಡ ಬಿಳಿಯಾಗಿ, ಉಳಿದದ್ದೆಲ್ಲ ಕಪ್ಪಾಗಿ ಬರುತ್ತದೆ. ಇದೇ ನಮಗೆ ಬೇಕಾದ ಮಾಸ್ಕ್. ಬಣ್ಣ ತಿದ್ದುವ ನೋಡಿನ ಪ್ರಮಾಣ ಸೂಚಕಕ್ಕೆ ಇದನ್ನು ಜೋಡಿಸಿದರೆ ಕೊಡ ಮಾತ್ರ ಮಂಕಾಗುತ್ತದೆ. ಪಾಸ್‌ಗಳನ್ನು ಮೊದಲೇ ಉಳಿಸಿದ್ದರೆ 240 ಫ್ರೇಮ್‌ಗಳಿಗೂ ಈ ತಿದ್ದುಪಡಿ ಕೆಲವೇ ನಿಮಿಷಗಳ ಕೆಲಸ. ಆವೃತ್ತಿ ಬದಲಾದಂತೆ ಆಯ್ಕೆಗಳ ಸ್ಥಾನ ಬದಲಾಗುವುದುಂಟು. ಸ್ಥಾನವನ್ನು ಬಾಯಿಪಾಠ ಮಾಡಿಸಬೇಡಿ.

ಮಕ್ಕಳು ಸಂತೋಷಪಡುತ್ತಾರೆ. ಆಗ ಚಿತ್ರವನ್ನು ದೊಡ್ಡದು ಮಾಡಿ ಕೊಡದ ಅಂಚನ್ನು ತೋರಿಸಬೇಕು. ಮೊದಲ ಗುಂಪಿನ ಹಾಳೆಯ ಮೆಟ್ಟಿಲುಗಳು ಅಲ್ಲಿವೆ! ಬಣ್ಣದ ಚಿತ್ರ ದುಂಡಗೆ ಬಂದಿರುವಾಗ ಅದೇ ರೆಂಡರಿನ ಇಂಡೆಕ್ಸ್ ಪಾಸ್ ಏಕೆ ಮೆಟ್ಟಿಲಾಗಬೇಕು?

ಪಾಠದ ತಿರುಳು ಇಲ್ಲಿದೆ. ಅಂಚಿನ ಒಂದು ಬಿಂದುವಿನಲ್ಲಿ ಅರ್ಧ ಕೊಡ, ಅರ್ಧ ಗೋಡೆ ಇದೆಯೆನ್ನೋಣ. ಬಣ್ಣಗಳ ಸರಾಸರಿ 140. ಅದು ಅರ್ಥವುಳ್ಳ ಸಂಖ್ಯೆ. ಇಂಡೆಕ್ಸುಗಳ ಸರಾಸರಿ ತೆಗೆದರೆ? 3 ಮತ್ತು 7ರ ಸರಾಸರಿ 5. ಐದು ಎಂದರೆ ಹಣತೆ! ಕೊಡವೂ ಗೋಡೆಯೂ ಕೂಡುವಲ್ಲಿ, ಎಲ್ಲಿಯೂ ಇಲ್ಲದ ಹಣತೆಯ ಒಂದು ಗೆರೆ ಹುಟ್ಟಿಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ಹಾಜರಿ ಪುಸ್ತಕದಿಂದ ತಿಳಿಸಬಹುದು. ಇಬ್ಬರು ವಿದ್ಯಾರ್ಥಿಗಳ ಅಂಕಗಳ ಸರಾಸರಿ ತೆಗೆಯಬಹುದು, ಅವರ ಹಾಜರಿ ಸಂಖ್ಯೆಗಳ ಸರಾಸರಿ ತೆಗೆದರೆ ಬರುವುದು ಮೂರನೆಯ ಮಗುವೊಂದರ ಸಂಖ್ಯೆ, ಆ ಮಗುವಿಗೂ ಈ ಇಬ್ಬರಿಗೂ ಸಂಬಂಧವೇ ಇಲ್ಲ. ಇಂಡೆಕ್ಸ್ ಸಂಖ್ಯೆಯ ವೇಷದಲ್ಲಿರುವ ಹೆಸರು. ಮಾಸ್ಕಿಗೆ ಬೇಕಾದುದು ಪಾಲು. ಹೆಸರನ್ನು ಬೆರೆಸಲಾಗದು ಎಂದೇ ರೆಂಡರರು ಅಲ್ಲಿ ಒಂದು ಬಿಂದುವಿಗೆ ಒಂದೇ ಹೆಸರನ್ನು ಬರೆಯುತ್ತದೆ. ಐಡಿ ಮಾಸ್ಕ್ ನೋಡಿನಲ್ಲಿ ಅಂಚನ್ನು ನಯಗೊಳಿಸುವ ಆಯ್ಕೆಯಿದೆ. ಅದು ಮೆಟ್ಟಿಲುಗಳನ್ನು ನೋಡಿ ನಿಜವಾದ ಅಂಚು ಹೀಗಿದ್ದಿರಬಹುದು ಎಂದು ಊಹಿಸುತ್ತದೆ. ದೊಡ್ಡ ದುಂಡು ಆಕಾರಗಳಿಗೆ ಆ ಊಹೆ ಸಾಕಾಗುತ್ತದೆ, ಹುಲ್ಲು, ಕೂದಲು, ತೆಂಗಿನ ಗರಿಗಳಿಗೆ ಸಾಲದು.

ಹಾಗಾದರೆ ಪಾಲನ್ನೇ ಪಡೆಯುವುದು ಹೇಗೆ? ಹಳೆಯ ಉಪಾಯವೊಂದಿದೆ, ತರಗತಿಗೆ ಅದೇ ಅತ್ಯಂತ ಯೋಗ್ಯವೆಂದು ನನ್ನ ಅಭಿಪ್ರಾಯ. ದೃಶ್ಯದ ಪ್ರತಿಯೊಂದನ್ನು ತೆಗೆದುಕೊಂಡು ಕೊಡಕ್ಕೆ ಶುದ್ಧ ಕೆಂಪು, ಗೋಡೆಗೆ ಶುದ್ಧ ಹಸಿರು, ಹಣತೆಗೆ ಶುದ್ಧ ನೀಲಿ ಬಣ್ಣ ಬಳಿಯಬೇಕು. ಅದು ತಾನೇ ಬೆಳಗುವ ಬಣ್ಣವಾಗಿರಬೇಕು; ನೆರಳು, ಹೊಳಪು ಯಾವುದೂ ಕೂಡದು. ಬೆಳಕಿನ ಲೆಕ್ಕವಿಲ್ಲದಿರುವುದರಿಂದ ಇದು ಬಹುಬೇಗ ರೆಂಡರ್ ಆಗುತ್ತದೆ. ಬಣ್ಣದ ಚಿತ್ರವು ಮೂರು ಸಂಖ್ಯೆಗಳ ಕಟ್ಟಾದ್ದರಿಂದ ಒಂದೇ ಚಿತ್ರದಲ್ಲಿ ಮೂರು ಮಾಸ್ಕ್‌ಗಳು ಸಿಗುತ್ತವೆ. ಅಂಚಿನ ಬಿಂದುವಿನಲ್ಲಿ ಕೆಂಪು 0.70, ಹಸಿರು 0.30 ಎಂದಿದ್ದರೆ ಅದು ಎರಡನೆಯ ಗುಂಪಿನ ಹಾಳೆಯಲ್ಲಿದ್ದ ಪಾಲೇ. ಇಲ್ಲಿ ಬೆರೆತರೂ ಹೆಸರು ಕೆಡುವುದಿಲ್ಲ, ಏಕೆಂದರೆ ಪ್ರತಿ ಹೆಸರಿಗೂ ಅದರದೇ ಕೋಣೆಯಿದೆ.

ಮೂರು ವಸ್ತುಗಳಿಗೆ ಇದು ಸರಿ, ಮುನ್ನೂರು ವಸ್ತುಗಳಿದ್ದರೆ ನೂರು ಸಲ ರೆಂಡರ್ ಮಾಡಬೇಕಾಗುತ್ತದೆ. ಸೈಯಾಪ್ ಎಂಬ ಸಂಸ್ಥೆಯಲ್ಲಿದ್ದ ಜೋನಾ ಫ್ರೀಡ್‌ಮನ್ ಮತ್ತು ಆಂಡ್ರೂ ಜೋನ್ಸ್ 2015ರಲ್ಲಿ ಪ್ರಕಟಿಸಿದ ಕ್ರಿಪ್ಟೋಮ್ಯಾಟ್ ಇದಕ್ಕೆ ಪರಿಹಾರ. ಅದರಲ್ಲಿ ಪ್ರತಿ ಬಿಂದುವಿನಲ್ಲಿಯೂ ಹೆಸರು ಮತ್ತು ಪಾಲು ಎಂಬ ಜೋಡಿಗಳನ್ನು, ಹೆಚ್ಚಿನ ಪಾಲಿನವರು ಮೊದಲು ಎಂಬ ಕ್ರಮದಲ್ಲಿ ಬರೆದಿಡುತ್ತಾರೆ: ಕೊಡ 0.70, ಗೋಡೆ 0.30. ಹೆಸರನ್ನು ಹೆಸರಾಗಿಯೂ ಪಾಲನ್ನು ಪಾಲಾಗಿಯೂ ಬೇರೆಬೇರೆ ಇಟ್ಟದ್ದೇ ಅದರ ಜಾಣ್ಮೆ. ನಾವು ಸಂಖ್ಯೆ ಕೊಡಬೇಕಾಗಿಯೂ ಇಲ್ಲ, ವಸ್ತುವಿನ ಹೆಸರಿನಿಂದಲೇ 32 ಬಿಟ್‌ಗಳ ಸಂಕೇತವೊಂದನ್ನು ಯಂತ್ರ ರಚಿಸಿಕೊಳ್ಳುತ್ತದೆ. ಹೀಗಾಗಿ ವಸ್ತುಗಳಿಗೆ ಒಳ್ಳೆಯ ಹೆಸರಿಡುವ ಅಭ್ಯಾಸಕ್ಕೆ ಬೆಲೆ ಬರುತ್ತದೆ. ಬ್ಲೆಂಡರಿನಲ್ಲಿ ಈ ಸೌಲಭ್ಯವಿದೆ. ಕೊಡದ ಮೇಲೆ ಕ್ಲಿಕ್ ಮಾಡಿದರೆ ಕೊಡದ ಮಾಸ್ಕ್ ಸಿದ್ಧ. ಆದರೂ ಇದನ್ನು ಮೊದಲೇ ಕಲಿಸಬೇಡಿ. ಮೆಟ್ಟಿಲನ್ನು ಕಾಣದ ಮಗುವಿಗೆ ಇದು ಇನ್ನೊಂದು ಗುಂಡಿಯಷ್ಟೇ.

ದೂರ ಮತ್ತು ದಿಕ್ಕು

ವಸ್ತುವಿನ ಹೆಸರಲ್ಲದೆ ಬೇರೆ ಪಾಸ್‌ಗಳೂ ಮಾಸ್ಕ್ ಆಗಬಲ್ಲವು. ದೂರವನ್ನು ಹೇಳುವ ಡೆಪ್ತ್ ಪಾಸಿನಿಂದ ಹಿಂದಿನ ಗುಡ್ಡಕ್ಕೆ ಮಾತ್ರ ಮಂಜು ಹೊದಿಸಬಹುದು. ದೂರವು ಹೆಸರಲ್ಲ, ಅಳತೆ. ಆದ್ದರಿಂದ ಸರಾಸರಿಯಿಂದ ತೊಂದರೆಯಿಲ್ಲ ಎಂದು ಚುರುಕಾದ ವಿದ್ಯಾರ್ಥಿ ಹೇಳಬಹುದು. ಕೊಡ 2 ಮೀಟರ್ ದೂರದಲ್ಲಿ, ಗುಡ್ಡ 100 ಮೀಟರ್ ದೂರದಲ್ಲಿ ಇದ್ದರೆ ಅಂಚಿನಲ್ಲಿ ಸರಾಸರಿ 51 ಮೀಟರ್. ಅಲ್ಲಿ ಏನೂ ಇಲ್ಲ! ಅಳತೆಯಾದರೂ ಪಾಲಲ್ಲದ ಸಂಖ್ಯೆಯನ್ನು ಬೆರೆಸಿದರೆ ಹೀಗಾಗುತ್ತದೆ. ಸೈಕಲ್ಸ್ ತನ್ನ ದೂರದ ಪಾಸನ್ನು ಬೆರೆಸದೆ ಕೊಡುವುದು ಈ ಕಾರಣಕ್ಕೆ, ಅದರ ಅಂಚು ಮೆಟ್ಟಿಲಾಗುವುದೂ ಇದೇ ಕಾರಣಕ್ಕೆ. ಮಂಜಿಗಾಗಿ ಮಿಸ್ಟ್ ಎಂಬ ಪಾಸನ್ನು ಬಳಸುವುದು ಸುಲಭ. ಅದು ದೂರವನ್ನು ಮೊದಲೇ 0ಯಿಂದ 1ರವರೆಗಿನ ಮಂಜಿನ ಪ್ರಮಾಣವಾಗಿ ಪರಿವರ್ತಿಸಿ, ಆಮೇಲೆ ಅಂಚಿನಲ್ಲಿ ಬೆರೆಸುತ್ತದೆ.

ನಾರ್ಮಲ್ ಪಾಸ್ ಮೈಯ ದಿಕ್ಕನ್ನು ಹೇಳುತ್ತದೆ. ಅದರ ಮೂರು ಸಂಖ್ಯೆಗಳಲ್ಲಿ ಮೇಲ್ಮುಖವನ್ನು ಸೂಚಿಸುವುದನ್ನಷ್ಟೇ ಬೇರ್ಪಡಿಸಿದರೆ ಅಂಗಳದಲ್ಲಿ 1, ನೆಟ್ಟಗಿನ ಗೋಡೆಯಲ್ಲಿ 0, ಕೊಡದ ಹೆಗಲಿನಲ್ಲಿ ನಡುವಣ ಬೆಲೆಗಳು ಸಿಗುತ್ತವೆ. ಋಣ ಸಂಖ್ಯೆಗಳನ್ನು ಸೊನ್ನೆ ಮಾಡಿಕೊಳ್ಳಬೇಕು. ಈ ಮಾಸ್ಕಿನ ಮೂಲಕ ಬಣ್ಣವನ್ನು ಸ್ವಲ್ಪ ಗಾಢವಾಗಿಸಿದರೆ ಅಂಗಳಕ್ಕೆ ಈಗತಾನೇ ಮಳೆ ಬಿದ್ದಂತೆ ಕಾಣುತ್ತದೆ. ಆಷಾಢದ ಮಳೆಯನ್ನು ಕಂಡ ನಮ್ಮ ಕರಾವಳಿಯ ಮಕ್ಕಳು ಯಾವ ಜಾಗ ಮೊದಲು ಒದ್ದೆಯಾಗುತ್ತದೆ, ಸೂರಿನಡಿ ಎಷ್ಟು ಒಣಗಿರುತ್ತದೆ ಎಂದು ಕೂಡಲೇ ತಿದ್ದುತ್ತಾರೆ; ಸೂರಿನಡಿಯನ್ನು ಕೈಯಿಂದ ಬರೆದ ಇನ್ನೊಂದು ಮಾಸ್ಕಿನಿಂದ ಕಳೆಯಬಹುದು.

ಉಳಿಸುವ ವಿಧಾನದ ಬಗ್ಗೆ ಒಂದು ಎಚ್ಚರಿಕೆ. ನಾನು ಮೊದಲ ಸಲ ಕೆಂಪು-ಹಸಿರು-ನೀಲಿ ಮಾಸ್ಕನ್ನು ಮಾಡಿಸಿದಾಗ ಜಾಗ ಉಳಿಯಲೆಂದು ಜೆಪೆಗ್ ರೂಪದಲ್ಲಿ ಉಳಿಸಲು ಹೇಳಿದೆ. ಕೊಡದ ಸುತ್ತ ನೊಣ ಕೂತಂತೆ ಕಲೆಗಳು ಬಂದವು. ಮಕ್ಕಳು ತಮ್ಮದೇ ತಪ್ಪೆಂದು ಒಂದು ದಿನ ಹುಡುಕಿದರು. ತಪ್ಪು ನನ್ನದಾಗಿತ್ತು. ಜೆಪೆಗ್ ಕಣ್ಣಿಗೆ ಕಾಣದಂತೆ ಸಂಖ್ಯೆಗಳನ್ನು ಬದಲಾಯಿಸುತ್ತದೆ, ಅದೂ ಅಂಚಿನಲ್ಲಿಯೇ ಹೆಚ್ಚು. ಮಾಸ್ಕನ್ನು ನೋಡುವುದು ಕಣ್ಣಲ್ಲ, ಲೆಕ್ಕ. ಪಿಎನ್‌ಜಿ ಆಗಬಹುದು, 2003ರಿಂದ ಮುಕ್ತವಾಗಿ ದೊರೆಯುತ್ತಿರುವ ಓಪನ್ ಇಎಕ್ಸ್‌ಆರ್ ಎಲ್ಲಕ್ಕಿಂತ ಉತ್ತಮ, ಏಕೆಂದರೆ ಎಲ್ಲ ಪಾಸ್‌ಗಳನ್ನೂ ಅದರ ಒಂದೇ ಕಡತದಲ್ಲಿಡಬಹುದು. ಕ್ರಿಪ್ಟೋಮ್ಯಾಟ್ ಇದ್ದರೆ 32 ಬಿಟ್ ಆಯ್ಕೆಯನ್ನೇ ಇಟ್ಟುಕೊಳ್ಳಿ. ಪಿಎನ್‌ಜಿಯಲ್ಲಿ ಬಣ್ಣದ ಮಾಸ್ಕನ್ನು ಉಳಿಸುವಾಗ, ಚಿತ್ರವನ್ನು ಸುಂದರವಾಗಿಸುವ ಫಿಲ್ಮಿಕ್, ಏಜಿಎಕ್ಸ್ ಮುಂತಾದ ನೋಟದ ಆಯ್ಕೆಗಳನ್ನು ಬಿಟ್ಟು ‘ರಾ’ ಎಂಬುದನ್ನು ಆರಿಸಬೇಕು. ಇಲ್ಲವಾದರೆ 0.70 ಎಂಬ ಪಾಲು ಬೇರೇನೋ ಆಗಿ ಕುಳಿತಿರುತ್ತದೆ.

ಮೌಲ್ಯಮಾಪನಕ್ಕೆ ಒಂದು ಲೆಕ್ಕ ಕೊಡಬಹುದು. ಕೊಡದ ಪಾಲು 0.70 ಇರುವ ಆ ಅಂಚಿನ ಬಿಂದುವಿನ ಬೆಲೆ 164. ಕೊಡದ ಹೊಳಪನ್ನು ಅರ್ಧಕ್ಕಿಳಿಸಬೇಕು. ಮಾಸ್ಕಿನ ಮೂಲಕ ತಿದ್ದಿದರೆ ಎಷ್ಟು ಬರುತ್ತದೆ? 164ರ ಅರ್ಧ 82, ಅದರ 0.70 ಪಾಲು 57.4, ತಿದ್ದದ 164ರ 0.30 ಪಾಲು 49.2, ಒಟ್ಟು 106.6. ಕೊಡವನ್ನೇ ಮೊದಲು 100ಕ್ಕಿಳಿಸಿ ಹೊಸದಾಗಿ ರೆಂಡರ್ ಮಾಡಿದ್ದರೆ ಎಷ್ಟಾಗುತ್ತಿತ್ತು? 70 ಮತ್ತು 24 ಸೇರಿ 94. ಮಾಸ್ಕ್ ಸರಿಯಾಗಿದ್ದೂ ಉತ್ತರ ಬೇರೆಯಾದುದೇಕೆ ಎಂದು ಕೇಳಬೇಕು. ಮಾಸ್ಕಿನದೇ ತಪ್ಪು ಎನ್ನುವವರು ಹೆಚ್ಚು. 164ರೊಳಗೆ ಗೋಡೆಯ ಬಣ್ಣವೂ ಮೊದಲೇ ಕರಗಿಹೋಗಿದೆ, ಮಾಸ್ಕ್ ಎಷ್ಟು ಎಂದು ಹೇಳಬಲ್ಲುದೇ ಹೊರತು ಕರಗಿದ್ದನ್ನು ಬೇರ್ಪಡಿಸಲಾರದು ಎಂದು ಒಬ್ಬರಾದರೂ ಹೇಳಿದರೆ, ಅಂಥವರಿಗೆ ಕೊಡವನ್ನೂ ಗೋಡೆಯನ್ನೂ ಬೇರೆಬೇರೆ ವ್ಯೂ ಲೇಯರುಗಳಲ್ಲಿ ರೆಂಡರ್ ಮಾಡಿ ಆಮೇಲೆ ಸೇರಿಸುವ ಕೆಲಸವನ್ನು ಮುಂದಿನ ವಾರಕ್ಕೆ ಕೊಡಬಹುದು.